ಬಿಟ್ಟುಹೋದ ಅಕ್ಷರ

ಬೆಂಕಿಪೊಟ್ಟಣದಷ್ಟಿದ್ದ ಆ ಡಬ್ಬಿಯನ್ನು ಪ್ರೂಫ್ ರೀಡರ್ ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದ. ಮೊಬೈಲಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸಿದರೆ ಸಾಕು, ಫೈಲಿನಲ್ಲಿ ಅಡಗಿದ ಉಸಿರೂ ಕೇಳುತ್ತದಂತೆ. "ಇದ್ದದ್ದು ಇದ್ದ ಹಾಗೆ ಕೇಳ್ಸುತ್ತೆ ಸಾರ್" ಎಂದಿದ್ದ ಅಂಗಡಿಯವನು.

"ಇದಕ್ಕೆ ಡ್ಯಾಕ್ ಅಂತಾರೆ ಕಣೇ."

"ಡಾಕ್ಟ್ರಾ? ಮೊದ್ಲು ನಿಮ್ ತಲೆ ತೋರ್ಸಿ" ಎಂದಳು ಹೆಂಡತಿ.

ಅವನ ಹುಚ್ಚಿಗೆ ಕಾರಣವಿತ್ತು. ಹಾಸಿಗೆ ಹಿಡಿದ ತಾಯಿಯನ್ನು ಅವಳು ಕಣ್ಣು ಮುಚ್ಚುವವರೆಗೂ ಆರು ವರ್ಷ ನೋಡಿಕೊಂಡವನು ಅವನು. ಆದರೂ ಅಣ್ಣ ಹೋದಲ್ಲೆಲ್ಲ "ಅಮ್ಮಂಗೆ ನಾನಂದ್ರೇ ಜೀವ" ಎಂದು ಸಾರಿಕೊಂಡು ಬರುತ್ತಿದ್ದ. ಇವನ ಬಳಿ ಇದ್ದ ಸಾಕ್ಷಿ ಒಂದೇ. ಇವನು ಬಚ್ಚಲಲ್ಲಿ ಅವಳ ಬಟ್ಟೆ ಒಗೆಯುತ್ತಿದ್ದಾಗ ಅವಳು ಕೋಣೆಯಿಂದ ಆಡಿ, ಮೊಬೈಲಿನಲ್ಲಿ ಅಕಸ್ಮಾತ್ ರೆಕಾರ್ಡಾದ ಮಾತು: "ಸಾಕಿದೆ ಕಣಪ್ಪ..." ಮುಂದಿನದೆಲ್ಲ ನಲ್ಲಿ ನೀರಿನ ಸದ್ದು. ನೀನೇ ನನ್ನನ್ನು ಸಾಕಿದೆ ಎಂದು ಅಮ್ಮ ಹರಸಿದಳೆಂದುಕೊಂಡು, ಆ ಎರಡು ಪದಗಳ ಮೇಲೆ ಅವನು ಬದುಕಿದ್ದ.

ಭಾನುವಾರ ಅಣ್ಣನನ್ನು ಕರೆಸಿದ. ಪಕ್ಕದ ಮನೆಯ ಮೇಷ್ಟ್ರು ಕರೆಯದೆಯೇ ಬಂದರು. ವೈರನ್ನು ಉಲ್ಟಾ ಸಿಕ್ಕಿಸಿದರು, ಒಂದು ಪಿನ್ನು ಬಗ್ಗಿಸಿದರು, ಕೊನೆಗೆ ಶಾಲೆಯ ದೊಡ್ಡ ಸ್ಪೀಕರನ್ನೇ ಹೊರಿಸಿಕೊಂಡು ಬಂದರು. "ಬೀದಿಯವ್ರೆಲ್ಲ ಕೇಳ್ಲಿ ಬಿಡಯ್ಯ!" ಕಿಟಕಿಯ ತುಂಬ ತಲೆಗಳು.

ಗುಂಡಿ ಒತ್ತುವಷ್ಟರಲ್ಲಿ ಪ್ರೆಸ್ಸಿನ ಯಜಮಾನರ ಫೋನು ಬಂತು. ಅವಸರಕ್ಕೆ ಇವನ ಬೆರಳು ತಾಗಿ, ಅವರ ದನಿ ಸ್ಪೀಕರಿನಲ್ಲೇ ಗುಡುಗಿತು: "ಏನಯ್ಯಾ, ಮುಖಪುಟದಲ್ಲೇ ಅಕ್ಷರ ಬಿಟ್ಟಿದೀಯ! ಕಣ್ಣಿಲ್ವಾ ನಿಂಗೆ?"

ಬೀದಿ ಗೊಳ್ಳೆಂದಿತು. ಇವನು ಬೆವರೊರೆಸಿಕೊಂಡು ಫೈಲು ಹಾಕಿದ.

ಡಬ್ಬಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ನೀರಿನ ಸದ್ದು ಒಂದು ಕಡೆ ಸರಿಯಿತು. ಅಮ್ಮ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಹೇಳಿದಳು:

"ಸಾಕಾಗಿದೆ ಕಣಪ್ಪ... ನನ್ನ ದೊಡ್ಡೋನ ಮನೇಲಿ ಬಿಟ್ಬಿಡು."

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಊರಿನವರ ಅಕ್ಷರ ತಿದ್ದುವವನು ಹೆತ್ತವಳ ಮಾತಿನಲ್ಲೇ ಒಂದನ್ನು ನುಂಗಿಕೊಂಡು ಸುಖವಾಗಿದ್ದ. ಅಣ್ಣ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ: "ಇನ್ನೊಂದ್ಸಲ ಹಾಕೋ."

ಸಂಜೆ ಇವನು ಡಬ್ಬಿಯನ್ನು ಅಂಗಡಿಯ ಮೇಜಿನ ಮೇಲಿಟ್ಟ. "ವಾಪಸ್ ತಗೊಳ್ಳಿ."

"ಯಾಕ್ ಸಾರ್, ಸರಿಯಾಗಿ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಹಾಗಾದ್ರೆ ಆಗಲ್ಲ ಸಾರ್" ಎಂದ ಅಂಗಡಿಯವನು. "ಕೇಳಿಸ್ದೇ ಇದ್ರೆ ಮಾತ್ರ ವಾಪಸ್ ತಗೊಳ್ತೀವಿ."