ಕೈ ಬಿಟ್ಟರೂ ಹೋಗುವ ಕಾರು

ಈಗ ಹೇಳಲಿರುವುದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿಕೊಂಡದ್ದೆಷ್ಟು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ನಾನು ಕಲಿತ ವಿದ್ಯೆ ಒಂದೇ, ಎಲ್ಲವನ್ನೂ ಅನುಮಾನಿಸುವುದು. ಊರಿನವರ ಮಾತನ್ನೆಲ್ಲ ಅನುಮಾನಿಸಿ ಮುಗಿದ ಮೇಲೆ ಬೇರೆ ಕೆಲಸವಿಲ್ಲದೆ ನನ್ನ ನೆನಪನ್ನೇ ಅನುಮಾನಿಸತೊಡಗಿದೆ. ಆದ್ದರಿಂದ ನಮ್ಮ ಸೋದರಮಾವನ ವಿಷಯದಲ್ಲಿ ನಾನು ಹೇಳುವುದನ್ನು ನೀವು ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ!

ಒಂದನ್ನಂತೂ ಧೈರ್ಯವಾಗಿ ಹೇಳಬಲ್ಲೆ. ಜಾಹೀರಾತನ್ನು ಅಕ್ಷರ ಬಿಡದೆ ನಂಬುವ ಮನುಷ್ಯ ಈ ಜಿಲ್ಲೆಯಲ್ಲಿ ಒಬ್ಬರೇ ಉಳಿದಿದ್ದರು, ಅವರು ನಮ್ಮ ಮಾವ. ಹಾಗೆಂದು ಅವರನ್ನು ದಡ್ಡರೆಂದು ತಿಳಿಯಬೇಡಿ. ಬಣಕಲ್ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಅವರು ಆಲ್ದೂರಿನ ಕಾಫಿ ವ್ಯಾಪಾರಿಯ ಸಿಹಿಮಾತು ನಂಬುವುದಿಲ್ಲ, ಜ್ಯೋತಿಷ್ಯ ನಂಬುವುದಿಲ್ಲ, ರೇಡಿಯೋದವರು ಹೇಳುವ ಮಳೆಯನ್ನಂತೂ ಕೊಡೆ ಬಿಚ್ಚಿದ ಮೇಲೂ ನಂಬುವುದಿಲ್ಲ. ಆದರೆ ಅಚ್ಚಾಗಿ ಬಂದ ಜಾಹೀರಾತು ಅವರಿಗೆ ಕೊಟ್ಟ ಮಾತು. ಅಚ್ಚು ಹಾಕಿಸಿದ್ದಾನೆ ಅಂದರೆ ಹತ್ತು ಜನರ ಎದುರು ಹೇಳಿದ ಹಾಗೆ, ಹತ್ತು ಜನರ ಎದುರು ಹೇಳಿದ್ದನ್ನು ಮರ್ಯಾದಸ್ಥ ವಾಪಸು ತೆಗೆದುಕೊಳ್ಳುತ್ತಾನೆಯೇ ಎಂಬುದು ಅವರ ವಾದ.

ಈ ವಾದದ ಫಲವಾಗಿ ಅವರು ಒಮ್ಮೆ ಕೂದಲೆಣ್ಣೆಯ ಕಂಪನಿಗೆ ತಮ್ಮ ಬೋಳುತಲೆಯ ಫೋಟೋ ಕಳಿಸಿದ್ದರು, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಇನ್ನೊಮ್ಮೆ ‘ಮನೆಮಂದಿಗೆಲ್ಲ ಸಂತೋಷ’ ಎಂದು ಬರೆದಿದ್ದ ಕುಕ್ಕರನ್ನು ಮೂಡಿಗೆರೆಯ ಅಂಗಡಿಗೆ ಹೊತ್ತುಕೊಂಡು ಹೋಗಿ, ಅನ್ನ ಚೆನ್ನಾಗಿಯೇ ಆಗುತ್ತದೆ, ಸಂತೋಷದ್ದೇ ದೂರು ಎಂದಿದ್ದರಂತೆ. ಅಂಗಡಿಯವನು ಗಾಬರಿಯಾಗಿ ಹೊಸ ರಬ್ಬರು ಕೊಟ್ಟು ಕಳಿಸಿದ. ಕುಕ್ಕರಿನ ಕಥೆ ನಾನು ಕಣ್ಣಾರೆ ಕಂಡದ್ದೋ, ಅತ್ತೆ ಹೇಳಿದ್ದೋ, ಈಗ ಗೊತ್ತಾಗುತ್ತಿಲ್ಲ. ಬೋಳುತಲೆ ಮಾತ್ರ ನಿಜ.

ಇಂಥವರ ಎಡಗಣ್ಣಿನ ನೋಟ ಕುಗ್ಗತೊಡಗಿತು. ಬಲಗಡೆ ಎಲ್ಲ ಸ್ಪಷ್ಟ. ಎಡಗಡೆಯಿಂದ ಬರುವವರು ಮಾತ್ರ ಹತ್ತಿರಕ್ಕೆ ಬಂದ ಮೇಲೆ ನೆಲದಿಂದ ಎದ್ದ ಹಾಗೆ ಕಾಣಿಸುತ್ತಿದ್ದರಂತೆ. ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು, ಹನಿ ಹಾಕಿಕೊಳ್ಳಿ, ಡ್ರೈವಿಂಗ್ ಬಿಡಿ ಎಂದರು. ಮಾವ ಹನಿ ಹಾಕಿಕೊಂಡರು. ಡ್ರೈವಿಂಗ್ ಬಿಡುವಂತಿರಲಿಲ್ಲ. ಕಾರಣ ಅತ್ತೆ.

ಅತ್ತೆಗೆ ಕಳಸದಲ್ಲಿ ಒಬ್ಬ ಅಕ್ಕ. ಮಂಡಿನೋವಿನಿಂದ ಮನೆಯ ಮೆಟ್ಟಿಲು ಇಳಿಯುವುದೇ ಅವರಿಗೆ ಕಷ್ಟ. ಪ್ರತಿ ಭಾನುವಾರ ತಂಗಿ ಬರಬೇಕು, ಅಕ್ಕ ತಂಗಿಯರು ಕೂತು ಇಡೀ ವಾರದ ಜಗತ್ತನ್ನು ಬೈಯಬೇಕು. ಅದಿಲ್ಲದಿದ್ದರೆ ಇಬ್ಬರಿಗೂ ಆ ವಾರ ನಿದ್ರೆಯಿಲ್ಲ. ಆದರೆ ಕೊಟ್ಟಿಗೆಹಾರ ದಾಟಿ ಬಾಳೂರಿನ ಮೇಲೆ ಹೋಗುವ ಆ ರಸ್ತೆಯ ತಿರುವುಗಳು ನಿಮಗೆ ಗೊತ್ತಲ್ಲ? ಬಸ್ಸಿನಲ್ಲಿ ಅತ್ತೆಗೆ ವಾಂತಿ. ಜೀಪಿನಲ್ಲಿ ವಾಂತಿ. ಬಾಡಿಗೆ ಕಾರಿನಲ್ಲಿ, ಹೊರಡುವ ಮುಂಚೆ ಡ್ರೈವರನ ಮುಖ ನೋಡಿದರೇ ವಾಂತಿ. ಮಾವ ಓಡಿಸಿದರೆ ಮಾತ್ರ ಇಲ್ಲ. ಅವರು ತಿರುವನ್ನು ತುಂಬಿದ ಹಾಲಿನ ಪಾತ್ರೆ ಹಿಡಿದುಕೊಂಡವರ ಹಾಗೆ ದಾಟುತ್ತಿದ್ದರು. ಹೀಗಾಗಿ ಮಾವನ ಎಡಗಣ್ಣು ಹೋಯಿತೆಂದರೆ ಅತ್ತೆಯ ಭಾನುವಾರವೂ ಹೋಯಿತು.

ಸರಿಯಾಗಿ ಆ ಹೊತ್ತಿಗೇ ಪೇಪರಿನಲ್ಲಿ ಬಂತು ಜಾಹೀರಾತು! ಬೆಟ್ಟದ ರಸ್ತೆ, ಹೊಳೆಯುವ ಕಾರು, ಒಳಗೆ ಕೋಟು ಹಾಕಿಕೊಂಡವನೊಬ್ಬ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಕಪ್ಪು ಹಿಡಿದು ಕಾಫಿ ಕುಡಿಯುತ್ತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ, ‘ಕೈ ಬಿಡಿ. ಕಾರು ನೋಡಿಕೊಳ್ಳುತ್ತದೆ.’ ಮಾವ ಅದನ್ನು ಅದೆಷ್ಟು ಹೊತ್ತು ನೋಡಿದರೋ. ಕೊನೆಗೆ ಎರಡು ಮಾತಾಡಿದರು. ಒಂದು, ಇವನು ಕುಡಿಯುತ್ತಿರುವುದರಲ್ಲಿ ಚಿಕೋರಿ ಜಾಸ್ತಿಯಿದೆ. ಎರಡು, ನಾಳೆ ಚಿಕ್ಕಮಗಳೂರಿಗೆ ಹೋಗೋಣ.

ಶೋರೂಮಿನಲ್ಲಿ ಮಾವ ಇಂಜಿನ್ ನೋಡಲಿಲ್ಲ, ಮೈಲೇಜು ಕೇಳಲಿಲ್ಲ.

“ಇದಕ್ಕೆ ಕಳಸದ ರಸ್ತೆ ಗೊತ್ತಾ?” ಎಂದರು.

“ಎಲ್ಲಾ ರಸ್ತೆನೂ ಗೊತ್ತು ಸಾರ್,” ಎಂದ ಸೇಲ್ಸಿನ ಹುಡುಗ. “ಮುಂದೆ ಕ್ಯಾಮೆರಾ, ಸುತ್ತ ಸೆನ್ಸರ್. ನೀವು ಸುಮ್ಮನೆ ಕೂತ್ಕೊಂಡ್ರೆ ಸಾಕು.”

“ಎಡಗಡೆ ಕಾಣ್ತದಾ?”

“ನಿಮಗಿಂತ ಚೆನ್ನಾಗಿ ಕಾಣುತ್ತೆ ಸಾರ್.”

ಹುಡುಗನಿಗೆ ತಾನು ಎಷ್ಟು ನಿಜ ಹೇಳಿದೆ ಎಂಬುದು ಗೊತ್ತಿರಲಿಲ್ಲ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಕಾರು ಮನೆಗೆ ಬಂದ ದಿನ ಮಾವ ಅದನ್ನು ಶೆಡ್ಡಿಗೆ ಸೇರಿಸಲಿಲ್ಲ. ನಮ್ಮ ಕಡೆ ಹೊಸದಾಗಿ ತಂದ ಹಸುವನ್ನು ಕಟ್ಟುವ ಮುಂಚೆ ಮನೆ ಸುತ್ತ ನಡೆಸಿಕೊಂಡು ಬರುತ್ತಾರೆ, ದಾರಿ ತಪ್ಪದಿರಲಿ ಎಂದು. ಮಾವ ಕಾರಿಗೂ ಅದನ್ನೇ ಮಾಡಿದರು. ಇದು ಕಾಫಿ ಒಣಗಿಸುವ ಕಣ, ಇದು ಮೋರಿ, ಇಲ್ಲಿ ಮಳೆಗಾಲದಲ್ಲಿ ಎಡಕ್ಕೆ ಜಾರುತ್ತದೆ, ಇವರು ನಮ್ಮ ರೈಟರು, ಲೆಕ್ಕ ಚೆನ್ನಾಗಿ ಬರೆಯುತ್ತಾರೆ, ಅಡ್ಡ ಬಂದರೆ ಗುದ್ದಬೇಡ, ಎಂದು ಕಿಟಕಿ ಇಳಿಸಿಕೊಂಡು ಪರಿಚಯ ಮಾಡಿಸುತ್ತ ಹೋದರು. ರೈಟರು ಏನು ಮಾಡಬೇಕೆಂದು ತಿಳಿಯದೆ ಕಾರಿಗೆ ನಮಸ್ಕಾರ ಮಾಡಿದರಂತೆ.

ಆಮೇಲೆ ಗೊತ್ತಾಯಿತು, ಕಾರಿಗೆ ರಸ್ತೆ ಗೊತ್ತಾಗಬೇಕಾದರೆ ರಸ್ತೆಯಲ್ಲಿ ಬಿಳಿ ಗೆರೆ ಇರಬೇಕು ಎಂದು. ತೋಟದ ರಸ್ತೆಯಲ್ಲಿ ಬಿಳಿ ಗೆರೆ ಎಲ್ಲಿಂದ ಬರಬೇಕು? ನೀವಾದರೆ ಏನು ಮಾಡುತ್ತಿದ್ದಿರಿ? ಮಾವ ಮೇಸ್ತ್ರಿಯನ್ನು ಕರೆದು, ತೋಟಕ್ಕೆ ಎರಚಲು ತಂದಿಟ್ಟ ಸುಣ್ಣವನ್ನು ತೂತು ಡಬ್ಬಕ್ಕೆ ತುಂಬಿಸಿ, ಮನೆಯಿಂದ ಗೇಟಿನವರೆಗೆ ಎರಡು ಗೆರೆ ಎಳೆಸಿದರು! ಬಲಗಡೆಯ ಗೆರೆ ನೆಟ್ಟಗೆ ಬಂತು. ಎಡಗಡೆಯ ಗೆರೆ ಎಳೆಯುತ್ತಿದ್ದ ಆಳಿಗೆ ನಡುವೆ ಚಹಾದ ಹೊತ್ತಾಯಿತು. ಅವನು ಡಬ್ಬ ಹೊತ್ತುಕೊಂಡೇ ಆಳುಗಳ ಮನೆಸಾಲಾದ ಕೂಲಿ ಲೈನಿನ ಕಡೆ ಇಳಿದ. ಡಬ್ಬ ತನ್ನ ಪಾಡಿಗೆ ತಾನು ಉದುರಿಸುತ್ತ ಹೋಯಿತು.

ಸಾಯಂಕಾಲ ಮಾವ ಒಬ್ಬರೇ ಕಾರು ಹತ್ತಿ, ಗುಂಡಿ ಒತ್ತಿ, ಕೈ ಕಟ್ಟಿ ಕೂತರು. ಕಾರು ಗಂಭೀರವಾಗಿ ಹೊರಟು, ಗೇಟಿನ ದಾರಿ ಬಿಟ್ಟು ಎಡಕ್ಕೆ ತಿರುಗಿ, ಲೈನಿನ ಅಂಗಳಕ್ಕಿಳಿದು, ಕೋಳಿಗೂಡಿನ ಮುಂದೆ ನಿಂತಿತು. ಅಲ್ಲಿದ್ದ ಹೆಂಗಸು ಒಳಗೆ ಹೋಗಿ ಮಾವನಿಗೆ ಒಂದು ಲೋಟ ಚಹಾ ತಂದುಕೊಟ್ಟಳು. ಮೊನ್ನೆ ಆ ಕಾರಿನ ಕೈಪಿಡಿ ತೆಗೆದು ನೋಡಿದೆ, ಅಷ್ಟು ನಿಧಾನದಲ್ಲಿ ಆ ಗುಂಡಿ ಕೆಲಸವನ್ನೇ ಮಾಡುವುದಿಲ್ಲವಂತೆ. ಹಾಗಾದರೆ ಕಾರು ಹೇಗೆ ಹೋಯಿತು? ಇಳಿಜಾರಿಗೆ ಉರುಳಿತೋ, ಮಾವನೇ ತಿರುಗಿಸಿದರೋ, ನಾನೇ ಕಥೆ ಕಟ್ಟಿಕೊಂಡೆನೋ ದೇವರಿಗೇ ಗೊತ್ತು. ದೇವರ ವಿಷಯದಲ್ಲೂ ನನಗೆ ಅನುಮಾನವಿದೆ.

ಇದಾದ ಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಹಾರದ ಹತ್ತಿರ ಮಂಜು. ಮಾವ ಗುಂಡಿ ಒತ್ತಿ ಕೈ ಬಿಟ್ಟು ಕೂತಿದ್ದರು, ಪಕ್ಕದಲ್ಲಿ ನಾನಿದ್ದೆ. ಮಂಜು ದಟ್ಟವಾದ ಕೂಡಲೇ ಕಾರು ಬೀಪ್ ಬೀಪ್ ಎಂದು ಹೊಡೆದುಕೊಂಡು, ಕ್ಯಾಮೆರಾಗೆ ಕಾಣುತ್ತಿಲ್ಲ, ಚಾಲಕರು ನೋಡಿಕೊಳ್ಳತಕ್ಕದ್ದು ಎಂದು ಪರದೆಯ ಮೇಲೆ ಬರೆದು ಕೈ ತೊಳೆದುಕೊಂಡಿತು. ಮಾವ ಕಾರನ್ನು ರಸ್ತೆಬದಿಗೆ ನಿಲ್ಲಿಸಿದರು.

“ನನಗೆ ಕಾಣೋದಿಲ್ಲ ಅಂತ ಇದನ್ನ ತಂದದ್ದು ಮಾರಾಯ. ಇದಕ್ಕೂ ಕಾಣೋದಿಲ್ಲ ಅಂದ್ರೆ ನಾವಿಬ್ರೂ ಒಂದೇ ಡಾಕ್ಟ್ರ ಹತ್ರ ಹೋಗಬೇಕು,” ಎಂದರು.

ನನಗೆ ನಗು ಬರಲಿಲ್ಲ. ಭಾನುವಾರ ಅತ್ತೆಯನ್ನು ಕೂರಿಸಿಕೊಂಡೂ ಹೀಗೆಯೇ ಕೈ ಬಿಡುತ್ತೀರಾ ಎಂದು ಕೇಳಿಯೇಬಿಟ್ಟೆ. ಮಾವ ಉತ್ತರ ಕೊಡದೆ, ಗಾಜು ಒರೆಸುವ ನೆಪದಲ್ಲಿ ಕೆಳಗಿಳಿದರು. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ಅರ್ಥ ಮಾಡಿಕೊಂಡೆ. ಕೆಲವು ದಿನ ಅವರ ಮೇಲೆ ಸಿಟ್ಟೂ ಇತ್ತು.

ಆ ದಿನವೇ ಮಾವ ಕಂಪನಿಗೆ ಫೋನು ಮಾಡಿದರು. ಅತ್ತ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ, ಕಾರು ಚಾಲಕರಿಗೆ ಸಹಾಯ ಮಾಡುತ್ತದೆ ಅಷ್ಟೆ, ಜವಾಬ್ದಾರಿ ಚಾಲಕರದ್ದೇ ಎಂದಳು. ಮಾವ ಅವಳಿಗೆ ನಮ್ಮ ತೋಟದ ರೂಢಿಯೊಂದನ್ನು ವಿವರಿಸಿದರು. ಮಳೆಗೆ ಮುಂಚೆ ನೆರಳಿನ ಮರಗಳ ರೆಂಬೆ ಕಡಿಸುತ್ತೇವಲ್ಲ, ಆಗ ಆಳಿಗೆ ‘ಹತ್ತು’ ಎಂದವರು ಅವನು ಇಳಿಯುವ ತನಕ ಮರದ ಬುಡದಲ್ಲೇ ನಿಲ್ಲಬೇಕು. ಮಾವ ಹಾಗೆ ನಿಂತಲ್ಲೇ ಊಟ ಮಾಡಿದ್ದಾರೆ, ನಿಂತಲ್ಲೇ ನೆಂಟರನ್ನು ಮಾತಾಡಿಸಿ ಕಳಿಸಿದ್ದಾರೆ.

“ಕೈ ಬಿಡಿ ಅಂದವರು ನೀವು. ಬುಡದಲ್ಲಿ ನಿಲ್ಲೋರು ಯಾರಮ್ಮ?” ಎಂದು ಕೇಳಿದರು.

ಅವಳು ಕರೆಯನ್ನು ಮೇಲಿನವರಿಗೆ ದಾಟಿಸಿದಳು. ಅವರು ಅವರ ಮೇಲಿನವರಿಗೆ ದಾಟಿಸಿದರು. ಮಾವ ದಿನಾ ಬೆಳಿಗ್ಗೆ ಹನಿ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಅದೇ ಪ್ರಶ್ನೆಯನ್ನು ಹೊಸ ಹೊಸ ಧ್ವನಿಗಳಿಗೆ ಕೇಳುತ್ತ ಹೋದರು. ಕೊನೆಗೆ ಬೇಸತ್ತ ಕಂಪನಿ ಬೆಂಗಳೂರಿನಿಂದ ಒಬ್ಬ ಮ್ಯಾನೇಜರನ್ನೇ ಕಳಿಸಿತು.

ಟೈ ಕಟ್ಟಿಕೊಂಡು ಬಂದ ಮ್ಯಾನೇಜರರಿಗೆ ಅತ್ತೆ ಕಡುಬು ಹಾಕಿದರು. ಮಾವ ಜಗಳವಾಡಲಿಲ್ಲ. ಕಳಸದ ದಾರಿಯಲ್ಲಿ ಒಂದು ಸುತ್ತು ಹೋಗಿ ಬರೋಣ, ನೀವೇ ಡ್ರೈವರ್ ಸೀಟಿನಲ್ಲಿ ಕೂರಿ ಎಂದರು, ಅಷ್ಟೆ. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಫ್ಲಾಸ್ಕು. ಬಾಳೂರು ದಾಟಿ ತಿರುವುಗಳು ಶುರುವಾಗುವ ಮುಂಚೆ ಮಾವ ಗಾಡಿ ನಿಲ್ಲಿಸಲು ಹೇಳಿ, ಎರಡು ಕಪ್ಪು ಕಾಫಿ ಬಗ್ಗಿಸಿದರು. ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಮ್ಯಾನೇಜರರ ಮುಂದೆ ಹಿಡಿದರು.

“ಕುಡೀರಿ. ಜಾಹೀರಾತಲ್ಲಿ ಕುಡೀತಾನಲ್ಲ, ಹಾಗೇ. ಎರಡೂ ಕೈಯಲ್ಲಿ.”

ಮ್ಯಾನೇಜರು ನಕ್ಕರು. ನಿಂತಾಗ ಕುಡಿಯುತ್ತೇನೆ ಎಂದರು. ಈಗಷ್ಟೇ ಕಡುಬು ತಿಂದೆ ಎಂದರು. ಕಾಫಿ ತನಗೆ ಆಗುವುದಿಲ್ಲ ಎಂದರು, ಮನೆಯಲ್ಲಿ ಎರಡು ಲೋಟ ಕುಡಿದದ್ದನ್ನು ಮರೆತು! ನಾವು ಹೊರಟೆವು. ಮೊದಲ ತಿರುವು ಬಂತು, ಎರಡನೆಯದು ಬಂತು. ಮ್ಯಾನೇಜರರ ಎರಡೂ ಕೈಗಳು ಸ್ಟಿಯರಿಂಗನ್ನು ಹಸುವಿನ ಕೊಂಬು ಹಿಡಿದ ಹಾಗೆ ಹಿಡಿದುಕೊಂಡಿದ್ದವು. ಪಕ್ಕದಲ್ಲಿ ಮಾವ ಕಪ್ಪನ್ನು ಚಾಚಿಕೊಂಡೇ ಕೂತಿದ್ದರು. ಎದುರಿನಿಂದ ಒಂದು ಬಸ್ಸು ತಿರುವು ತುಂಬಿಕೊಂಡು ಬಂದು, ಹಾರ್ನ್ ಹೊಡೆದು, ನಮ್ಮನ್ನು ಸವರಿಕೊಂಡು ಹೋಯಿತು. ಮ್ಯಾನೇಜರು ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಹಣೆಯಲ್ಲಿ ಬೆವರು.

“ಸಾರ್, ಬಿಡೋಕೆ ಆಗಲ್ಲ,” ಎಂದರು. “ನನಗೆ ಹೆಂಡತಿ ಇದ್ದಾಳೆ.”

“ನನಗೂ ಇದ್ದಾಳೆ,” ಎಂದರು ಮಾವ.

ಆಮೇಲೆ ಮ್ಯಾನೇಜರು ಕೈಪಿಡಿ ತೆಗೆದು, ಇರುವೆ ಗಾತ್ರದ ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಚಾಲಕರು ಸದಾ ಸ್ಟಿಯರಿಂಗ್ ಹಿಡಿದಿರತಕ್ಕದ್ದು ಎಂದು ಅಲ್ಲಿತ್ತು. ಮಾವ ಅದನ್ನು ಬಲಗಣ್ಣಿನ ಹತ್ತಿರಕ್ಕೆ ತಂದು ಓದಿ, ಕೈ ಬಿಡಿ ಅಂತ ಅಷ್ಟು ದೊಡ್ಡದಾಗಿ ಕೂಗಿದವರು ಹಿಡೀರಿ ಅನ್ನೋದನ್ನ ಯಾಕೆ ಪಿಸುಗುಟ್ಟಿದ್ರಿ ಎಂದು ಕೇಳಿದರು. ಬೈಗುಳದ ದನಿಯಲ್ಲ. ಏನೋ ಕಳೆದುಕೊಂಡವರ ದನಿ. ಮ್ಯಾನೇಜರು ತಣ್ಣಗಾದ ಕಾಫಿಯನ್ನು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದರು.

ಕಂಪನಿಯೇನೂ ಬದಲಾಗಲಿಲ್ಲ. ತಿಂಗಳಾದ ಮೇಲೆ ಕ್ಷಮೆಯ ಬದಲು ಒಂದು ಕಪ್ಪು ಕಳಿಸಿತು, ಅದರ ಮೇಲೂ ‘ಕೈ ಬಿಡಿ’ ಎಂದಿತ್ತು! ಕಪ್ಪಿಗೆ ಹೇಳುವ ಮಾತೇ ಅದು? ಕೋಟಿನವನು ಈಗಲೂ ಪೇಪರಿನಲ್ಲಿ ಕಾಫಿ ಕುಡಿಯುತ್ತಲೇ ಇದ್ದಾನೆ. ಮಾವ ಮಾತ್ರ ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಮುಂದಿನ ಭಾನುವಾರ ಹೊರಡಲಿಲ್ಲ. ಅದರ ಮುಂದಿನ ಭಾನುವಾರವೂ ಹೊರಡಲಿಲ್ಲ. ಅತ್ತೆ ಕಳಸಕ್ಕೆ ಫೋನು ಮಾಡಿ ಮಾತಾಡಿದರು, ಆದರೆ ಜಗತ್ತನ್ನು ಫೋನಿನಲ್ಲಿ ಬೈದರೆ ರುಚಿಸುತ್ತದೆಯೇ?

ಮೂರನೆಯ ವಾರ ಅತ್ತೆ ಕೀಲಿಯನ್ನು ಮೊಳೆಯಿಂದ ತೆಗೆದರು. ಬಣಕಲ್ಲಿನಲ್ಲಿ ಗ್ಯಾರೇಜು ಇಟ್ಟಿರುವ ಇಬ್ರಾಹಿಂ ಅವರ ಹತ್ತಿರ ಹೋಗಿ, ನನಗೆ ಕಲಿಸು ಎಂದರು. ಇಬ್ರಾಹಿಂ ತಮಾಷೆ ಎಂದುಕೊಂಡರು. ತಮಾಷೆಯಾಗಿರಲಿಲ್ಲ. ಎರಡು ಬೇಲಿ, ಒಂದು ಹಾಲಿನ ಕ್ಯಾನು ಮತ್ತು ಇಬ್ರಾಹಿಂ ಅವರ ಬಹಳಷ್ಟು ತಾಳ್ಮೆ ಖರ್ಚಾದ ಮೇಲೆ ಅತ್ತೆಗೆ ಲೈಸೆನ್ಸ್ ಬಂತು. ತಾನೇ ಓಡಿಸಿದರೆ ವಾಂತಿ ಬರುವುದಿಲ್ಲವಂತೆ. ಇಷ್ಟು ವರ್ಷ ಯಾರೂ ಇದನ್ನು ಯೋಚಿಸಲಿಲ್ಲವಲ್ಲ! ಈಗ ಭಾನುವಾರ ಅತ್ತೆ ಬಲಗಡೆ, ಮಾವ ಎಡಗಡೆ. ಪ್ರತಿ ತಿರುವಿನಲ್ಲೂ ಮಾವ ಹಾರ್ನ್ ಎನ್ನುತ್ತಾರೆ, ಬೀಪ್ ಮಾಡೋ ಯಂತ್ರ ಒಂದು ಆಗಲೇ ಇದೆ, ನೀವು ಸುಮ್ಮನಿರಿ ಎಂದು ಅತ್ತೆ ಹೇಳುತ್ತಾರೆ.

ಇಷ್ಟು ಬರೆದ ಮೇಲೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಮೊನ್ನೆ ಮಾವ ಹಿತ್ತಿಲಿಗೆ ಹೋದದ್ದು ನೋಡಿ ಅತ್ತೆಯನ್ನು ಕೇಳಿದೆ, ಆ ತಿಂಗಳುಗಳಲ್ಲಿ ನಿಮ್ಮನ್ನು ಕೂರಿಸಿಕೊಂಡು ಅವರು ಎಷ್ಟು ಸಲ ಕೈ ಬಿಟ್ಟರು ಎಂದು.

“ನಾನು ಕೂತಾಗಲಾ?” ಎಂದರು ಅತ್ತೆ. “ಆ ಗುಂಡಿ ಮುಟ್ಟಿದ್ದೇ ನೋಡ್ಲಿಲ್ಲ. ಬಾಕಿ ದಿನ ಅದಕ್ಕೆ ಪರೀಕ್ಷೆ ಮಾಡ್ತಿದ್ರಲ್ಲ, ಪಾಸಾಗ್ಲಿ ಆಮೇಲೆ ನಿನ್ನ ಕೂರಿಸ್ತೀನಿ ಅಂತಿದ್ರು. ಭಾನುವಾರ ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೊಂಡು ಓಡಿಸೋರು. ಎಡಗಡೆ ಯಾರಾದ್ರೂ ಬಂದ್ರೆ ನಾನು ಹೇಳೋಳು.”

ಒಬ್ಬರ ಮಾತಿನ ಮೇಲೆ ತೀರ್ಮಾನಕ್ಕೆ ಬರುವವನು ನಾನಲ್ಲ. ಆ ದಿನಗಳಲ್ಲಿ ಒಮ್ಮೆ ಅತ್ತೆಯ ಅಕ್ಕನನ್ನೂ ಮೂಡಿಗೆರೆಯ ಆಸ್ಪತ್ರೆಗೆ ಅದೇ ಕಾರಿನಲ್ಲಿ ಕರೆತಂದಿದ್ದರು. ಕಳಸಕ್ಕೆ ಹೋಗಿ, ಹಿಂದಿನ ಸೀಟಿನಿಂದ ನೀವು ಕಂಡದ್ದೇನು ಎಂದು ಅವರನ್ನೂ ಬೇರೆಯಾಗಿ ಕೇಳಿದೆ. ದಾರಿಯುದ್ದಕ್ಕೂ ತಂಗಿ ಎಡಗಡೆ ಜೀಪು, ಎಡಗಡೆ ದನ ಎಂದು ಹೇಳುತ್ತಿದ್ದಳು, ಭಾವ ಹೂಂ ಹೂಂ ಎನ್ನುತ್ತಿದ್ದರು, ಕೈ ಮಾತ್ರ ಸ್ಟಿಯರಿಂಗಿನಿಂದ ಎತ್ತಲೇ ಇಲ್ಲ ಎಂದರು. ಉಳಿದದ್ದನ್ನು ನೀವು ಬೇಕಾದರೆ ನಂಬಿ, ಬೇಡವಾದರೆ ಬಿಡಿ. ಇದನ್ನು ಮಾತ್ರ ನಾನು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.