ಕರಡಿಯ ಬಾಯಲ್ಲಿ ಭಾವಮೈದುನನ ಲೆನ್ಸು

ಮದುವೆಯ ಫೋಟೊ ತೆಗೆಯುವುದಕ್ಕಿಂತ ಪ್ರಾಣಿಗಳ ಫೋಟೊ ತೆಗೆಯುವುದು ಸುಲಭ ಎಂದು ನಾನು ದೃಢವಾಗಿ ನಂಬಿದ್ದೆ. ಪ್ರಾಣಿಗಳು ಕಣ್ಣು ಮುಚ್ಚಿದರೆ ಯಾರೂ ತಕರಾರು ಮಾಡುವುದಿಲ್ಲ. ಬೀಗರು ಫೋಟೊದಲ್ಲಿ ಬಂದಿಲ್ಲವೆಂದು ಜಗಳ ಏಳುವುದಿಲ್ಲ!

ನಮ್ಮದು ಸಂಪಗಾಂವದ ಪೌರೋಹಿತ್ಯದ ಮನೆತನ. ಮಂತ್ರವೆಲ್ಲ ಅಜ್ಜನ ಕಾಲಕ್ಕೇ ಮುಗಿಯಿತು. ನಾನು ಬೈಲಹೊಂಗಲದಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುತ್ತೇನೆ. ಭಾವಮೈದುನ ಹೊಸ ಕ್ಯಾಮೆರಾ ಕೊಂಡಾಗ ನನ್ನೊಳಗಿನ ಕಲಾವಿದ ಎದ್ದು ಕುಳಿತ. ಒಂದು ದಿನಕ್ಕೆ ಕೊಡು ಎಂದು ಬೇಡಿದೆ. ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು ಕೊಟ್ಟ.

"ಕೂದಲ ಕೊಂಕಬಾರ್ದು, ಭಾವಾ."

ನೆರೆಮನೆಯ ದಸ್ತಗೀರಸಾಬರು ಬಾಡಿಗೆ ಕಾರು ಓಡಿಸುತ್ತಾರೆ. ಅವರ ಕಾರಿನಲ್ಲಿ ನಾನು, ಹೆಂಡತಿ ವತ್ಸಲಾ, ಕಿತ್ತೂರು ದಾಟಿ ಹೆದ್ದಾರಿ ಪಕ್ಕದ ಸಣ್ಣ ಮೃಗಾಲಯಕ್ಕೆ ಹೋದೆವು.

ಮೊದಲು ಜಿಂಕೆ. ಫೋಟೊದಲ್ಲಿ ಬೇಲಿಯ ತಂತಿ ಬಹಳ ಚೆನ್ನಾಗಿ ಬಂತು. ಜಿಂಕೆ ಅದರ ಹಿಂದೆ ಕಂದು ಬಣ್ಣದ ಸಂಶಯದಂತೆ ನಿಂತಿತ್ತು. ನವಿಲು ಚೌಕಚೌಕವಾಗಿ ಬಂತು.

"ಇವು ಪ್ರಾಣಿ ಫೋಟೊ ಅಲ್ರಿ, ಜಾಳಗಿ ಮಾರೋರ ಜಾಹೀರಾತು," ಎಂದಳು ವತ್ಸಲಾ.

ಸ್ವಾಭಿಮಾನ ಕೆರಳಿತು. ಮುಂದಿನದು ಕರಡಿಯ ಆವರಣ. ಸೊಂಟದೆತ್ತರದ ಕಟಕಟೆ, ಅದರಾಚೆ ಎರಡು ಮೊಳ ದೂರದಲ್ಲಿ ತಂತಿಯ ಜಾಳಿಗೆ. ಕರಡಿ ದೂರದ ಮರದಡಿ ಮಲಗಿತ್ತು. ಕಾವಲುಗಾರ ಕಾಣಲಿಲ್ಲ. ಕ್ಯಾಮೆರಾ ಬೀಳಬಾರದೆಂದು ಪಟ್ಟಿಯನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡೆ. ಕಟಕಟೆಯ ಮೇಲೆ ಹೊಟ್ಟೆ ಊರಿ, ಲೆನ್ಸಿನ ಮೂತಿಯನ್ನು ಜಾಳಿಗೆಯ ಕಿಂಡಿಯೊಳಗೆ ತೂರಿಸಿದೆ.

"ಸಾಹೇಬ್ರ, ಅದು ಬರೋಬರಿ ಅಲ್ಲ, ಹಿಂದ ಬರ್ರಿ," ಎಂದರು ದಸ್ತಗೀರಸಾಬರು.

"ಕಲಾ ಅಂದ್ರ ಧೈರ್ಯ ಬೇಕು!" ಎಂದೆ.

ಕರಡಿ ಎದ್ದಿತು.

ಮೂಗು ಮೇಲೆತ್ತಿ ಮೂಸಿತು. ಅವಸರವಿಲ್ಲದೆ, ನೇರವಾಗಿ ನನ್ನ ಕಡೆಗೇ ನಡೆದು ಬಂತು. ಕ್ಯಾಮೆರಾ ಹಿಂದೆಳೆದೆ. ಬರಲಿಲ್ಲ! ಲೆನ್ಸಿಗೆ ಬಿಸಿಲು ತಾಗದಂತೆ ಹಾಕಿದ್ದ ಟೊಪ್ಪಿಗೆ ತಿರುಗಿ, ತಂತಿಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಪಟ್ಟಿ ಬಿಗಿಯಿತು. ಕಾಲುಗಳು ನೆಲ ಬಿಟ್ಟವು.

"ಕ್ಯಾಮೆರಾ ಬಿಡ್ರಿ!" ವತ್ಸಲಾ ಕೂಗಿದಳು.

"ನಾ ಬಿಟ್ಟೇನಿ, ಅದ ನನ್ನ ಬಿಡವಲ್ದು!"

ಕರಡಿ ಜಾಳಿಗೆಗೆ ಮುಖ ಹಚ್ಚಿತು. ಅದರ ಬಿಸಿ ಉಸಿರು ನನ್ನ ಮುಂಗೈಗೆ ತಾಗಿತು. ಬೆರಳುದ್ದದ ಉಗುರುಗಳಿಂದ ಲೆನ್ಸನ್ನು ಹಿಡಿದು, ಗೆದ್ದಲ ಹುತ್ತವೆಂದು ತಿಳಿಯಿತೋ ಏನೋ, ಬಾಯಿ ಹಚ್ಚಿ ಹೀರತೊಡಗಿತು! ಒಮ್ಮೆ ಜಗ್ಗಿತು. ನನ್ನ ಬೆರಳುಗಳು ತಂತಿಗೆ ಬಡಿದವು. ಇನ್ನೊಮ್ಮೆ ಜಗ್ಗಿದರೆ ಅವು ಒಳಗೆ ಹೋಗುವುದು ಖಾತ್ರಿ. ಪೂರ್ವಿಕರನ್ನು ನೆನೆದು ಮಂತ್ರಕ್ಕಾಗಿ ತಡಕಾಡಿದೆ. ಬಾಯಿಗೆ ಬಂದದ್ದು ಮದುವೆಯ ಅಕ್ಷತೆಯದೊಂದೇ:

"ಶುಭಮಂಗಲ ಸಾವಧಾನ!"

ಕರಡಿ ಸಾವಧಾನದಿಂದಲೇ ಹೀರುತ್ತಿತ್ತು.

"ಅಲ್ಲಾಡಬ್ಯಾಡ್ರಿ," ಎನ್ನುತ್ತ ದಸ್ತಗೀರಸಾಬರು ನನ್ನ ಕಾಲುಗಳನ್ನು ಅವುಚಿ ಹಿಡಿದರು. ವತ್ಸಲಾ ಚೀಲ ಬಿಚ್ಚಿ, ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಜಾಳಿಗೆಯ ಮೇಲಿಂದ ಒಳಗೆ ಎಸೆದಳು. ಕರಡಿ ನೋಡಲಿಲ್ಲ. ಇನ್ನೊಂದು ಎಸೆದಳು. ಹೀರುವ ಸದ್ದು ನಿಂತಿತು. ಮೂಗು ಹೊರಳಿತು... ಉಗುರು ಸಡಿಲವಾಯಿತು...

"ಈಗ ಜಗ್ಗ್ರಿ!" ವತ್ಸಲಾ ಚೀರಿದಳು.

ಟೊಪ್ಪಿಗೆ ಫಟ್ಟನೆ ಮುರಿದು ಒಳಗೆ ಬಿತ್ತು. ಕ್ಯಾಮೆರಾ, ನಾನು, ಇಬ್ಬರೂ ದಸ್ತಗೀರಸಾಬರ ಎದೆಯ ಮೇಲೆ ಬಿದ್ದೆವು. ಗಾಜಿನ ಮೇಲೆ ಗೀರು, ಗೀರಿನ ಮೇಲೆ ಜೊಲ್ಲು. ನನ್ನ ಮುಂಗೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟಾದರೂ ವತ್ಸಲಾ ಬೈಯಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗದ್ದಲ ಕೇಳಿ ಕಾವಲುಗಾರ ಓಡಿಬಂದ. ಅವನು ಫೋನು ಮಾಡಿದ್ದೇ ತಡ, ಡಾಕ್ಟರು ಚೀಲ ಹಿಡಿದು ಏದುಸಿರು ಬಿಡುತ್ತ ಬಂದರು. ನನ್ನ ಸಲುವಾಗಿ ಇಷ್ಟು ಕಾಳಜಿಯೇ ಎಂದು ಹಿಗ್ಗಿದೆ. ಬಾತ ಕೈಯನ್ನು ಮುಂದೆ ಚಾಚಿದೆ.

ಅವರು ನನ್ನನ್ನು ದಾಟಿ ಜಾಳಿಗೆಯ ಹತ್ತಿರ ಹೋದರು.

"ಪಾಪ, ಭಾಳ ಅಂಜೀಯೇನ?" ಎಂದು ಕರಡಿಯನ್ನು ಕೇಳಿದರು.