ಸಾವ್ಕಾರ್ರು ಫ್ಲಾಪಿ ತೂಗಿದ್ದು

ಶಾಣ್ಯಾರು ಕೂಡಿದಲ್ಲಿ ಇಂಥಾ ಫಜೀತಿ ತಪ್ಪೂದಿಲ್ಲ. ನಮ್ಮ ಮಿಲ್ಲಿನಾಗಂತೂ ಶಾಣ್ಯಾರಿಗೆ ಕೊರತಿನ ಇರಲಿಲ್ಲ. ಎಂಬತ್ತರ ದಶಕದಾಗ ಗದಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಾಗ ನಾನು ಕಂಪ್ಯೂಟರ್ ಆಪರೇಟರ್. ಹೆಸರು ದೊಡ್ಡದು, ನೌಕರಿ ಟೆಂಪರರಿ. ಲಕ್ಷ್ಮೇಶ್ವರದಾಗ ಒಂದು ಹುಡುಗಿ ನೋಡಿ ಬಂದಿದ್ದೆ, ಭಾಳ ಮನಸಿಗೆ ಬಂದಿದ್ದಳು. ಆಕಿ ಅಪ್ಪಾರು ಸಾಫ್ ಹೇಳಿದ್ರು: "ತಮ್ಮಾ, ನೌಕರಿ ಪಕ್ಕಾ ಆದಮ್ಯಾಲೆ ಲಗ್ನದ ಅಕ್ಕಿಕಾಳು. ಅಲ್ಲೀತನಕ ಬಂದು ಚಾ ಕುಡದು ಹೋಗ್ತಿರು." ಮಿಲ್ಲಿನ ಸಾವ್ಕಾರ್ರನ್ನ ಕೇಳಿದ್ರ ಅವರ್ದು ಬ್ಯಾರೆ ರಾಗ: "ಮಶೀನಿನಾಗ ಮಾಲು ತುಂಬಿದ್ದು ನನ್ನ ಕಣ್ಣಿಗೆ ಕಾಣ್ಲಿ, ಪಕ್ಕಾ ಮಾಡ್ತೀನಿ."

ಮುಂಡರಗಿ ಲಗ್ನ

ಮೊದಲು ಬಂದ ಕಂಪ್ಯೂಟರ್ ಮಶೀನಿಗೆ ಲೆಕ್ಕ ಇಡಾಕ ಹಾಡಿನ ಕ್ಯಾಸೆಟ್ಟೇ ಗತಿ. ಮಿಲ್ಲಿನ ಮಾಲಿನ ಲೆಕ್ಕ ಎಲ್ಲಾ ಅದರಾಗ ಕೀಂವ್, ಕಿರ್ರ್ ಅನ್ನೂ ಸಪ್ಪಳ ಆಗಿ ಕುಂದರ್ತಿತ್ತು. ಕಡೀಕಿನ ಲೆಕ್ಕ ಬೇಕಂದ್ರ ಟೇಪು ಮೊದಲಿಂದ ಸುತ್ತಬೇಕು. ಅಷ್ಟ್ರಾಗ ನನ್ನದು ಒಂದು ಸಣ್ಣ ನಿದ್ದಿ ಮುಗೀತಿತ್ತು.

ಮುಂಡರಗಿಯಾಗ ಸಾವ್ಕಾರ್ರ ತಂಗಿ ಮಗನ ಲಗ್ನ. ಮೈಕ್‌ಸೆಟ್ಟಿನವನ ಟೇಪ್ ಕೆಟ್ಟಿತ್ತಂತ ಸಾವ್ಕಾರ್ರು ದೊಡ್ಡ ಮನಸು ಮಾಡಿ ಮಶೀನಿಗೆ ಹಚ್ಚಿದ್ದ ಮಿಲ್ಲಿನ ಟೇಪ್ ರೆಕಾರ್ಡರ್ ಒಯ್ದು ಕೊಟ್ರು, ಒಳಗಿನ ಕ್ಯಾಸೆಟ್ ಸಮೇತ. ಹಂದರದಾಗ ಮಂದಿ ಕೂಡಿದ್ದರು. ಮೈಕಿನವ ಗುಂಡಿ ಒತ್ತಿದ. ಸ್ಪೀಕರ್‌ಗೋಳು ಕಿರ್ರ್ ಅಂತ ಚೀರಿದ್ವು. ಕೂಸುಗಳು ಅತ್ವು, ಬೀಗರು ಕಿವಿ ಮುಚ್ಚಿಕೊಂಡ್ರು. ಸಾವ್ಕಾರ್ರು ಓಡಿ ಬಂದು ನನ್ನ ರಟ್ಟಿ ಹಿಡದು ಮೂಲಿಗೆ ಎಳಕೊಂಡು ಹೋದ್ರು. ಇನ್ನ ಬೈಗಳ ಗ್ಯಾರಂಟಿ ಅಂತ ತಲಿ ತಗ್ಗಿಸಿದೆ.

ಅವರು ಪಿಸುಗುಟ್ಟಿದ್ರು: "ಲೇ, ಇಲ್ಲಿ ಅರ್ಧಾ ಮಂದಿ ಹತ್ತಿ ವ್ಯಾಪಾರಸ್ಥರು. ನಮ್ಮ ಮಾಲಿನ ಲೆಕ್ಕ ಎಲ್ಲಾರಿಗೂ ಕೇಳಿಸಿಬಿಟ್ತಲ್ಲೋ!"

ಪತ್ತಾರನ ತಕ್ಕಡಿ

ಆಮ್ಯಾಲ ಫ್ಲಾಪಿ ಬಂದ್ವು. ಹಪ್ಪಳದಂಗ ತೆಳ್ಳಗ, ಆದ್ರ ಚೌಕ. ಕ್ಯಾಸೆಟ್ಟಿನಂಗ ಸುತ್ತಾಟ ಇಲ್ಲ, ಬೇಕಾದ ಲೆಕ್ಕ ನೆಟ್ಟಗ ಹೋಗಿ ಹಿಡೀತಿದ್ವು. ಬೆರಳು ತಾಗಿದ್ರ ಸಿಟ್ಟು, ಧೂಳು ಕುಂತ್ರ ಸಿಟ್ಟು, ಥೇಟ್ ನಮ್ಮ ಸೋದರತ್ತಿ ಸ್ವಭಾವ. ಇಡೀ ಸುಗ್ಗಿ ಲೆಕ್ಕ ಒಂದರಾಗ ತುಂಬಿ, "ಭರ್ತಿ ಆತ್ರಿ" ಅಂತ ಸಾವ್ಕಾರ್ರ ಮುಂದ ಹಿಡದೆ.

ಅವರು ಡಬ್ಬಿಯಿಂದ ಒಂದು ಖಾಲಿ ಫ್ಲಾಪಿ ತಗೊಂಡು, ನನ್ನನ್ನೂ ಕರಕೊಂಡು, ಬೆಟಗೇರಿ ಪತ್ತಾರನ ಅಂಗಡಿಗೆ ನಡದ್ರು. ಬಂಗಾರ ತೂಗೂ ತಕ್ಕಡಿಯಾಗ ಆ ಕಡೆ ಖಾಲಿದು, ಈ ಕಡೆ ತುಂಬಿದ್ದು. ಮುಳ್ಳು ಅಲುಗಾಡಲಿಲ್ಲ.

"ಏನ್ ತುಂಬೀಯೋ ಇದರಾಗ?"

"ಸಾವ್ಕಾರ್ರ, ಅಕ್ಷರಕ್ಕ ತೂಕ ಇರೂದಿಲ್ರಿ."

"ಹಂಗಾರ ಪಗಾರ ಯಾಕ ಬೇಕು?"

ಆ ಐತವಾರ ಲಕ್ಷ್ಮೇಶ್ವರದಾಗ ಮತ್ತ ಬರೇ ಚಾ ಕುಡದು ಬಂದೆ.

ಶಿರಹಟ್ಟಿ ಪಾಲುದಾರರು

ಸಾವ್ಕಾರ್ರ ಪಾಲುದಾರರೊಬ್ಬರು ಶಿರಹಟ್ಟಿಯಾಗ ಇದ್ದರು. ಅವರೂ ಹಟಕ್ಕ ಬಿದ್ದು ಒಂದು ಕಂಪ್ಯೂಟರ್ ತಂದಿದ್ದರು. ಫ್ಲಾಪಿ ಬಸ್ಸಿನಾಗ ಕಳಿಸಿದೆ, ಇದೊಂದು ಅದಕ್ಕ ಅನುಕೂಲ. ಮರುದಿನ ಖಬರ ಬಂತು: "ನಿಮ್ಮ ಮಾಲು ಮಶೀನ್ ಹಿಡೀವಲ್ದು." ಓಡಿ ಹೋಗಿ ನೋಡಿದ್ರ ಫ್ಲಾಪಿಯ ಹೊಟ್ಟಿ ಚಾಕುವಿನಿಂದ ಸೀಳಿದ್ದರು.

"ಯಪ್ಪಾ! ಯಾಕ್ರಿ ಇದನ್ನ ಕೊಯ್ದೀರಿ?"

"ಹತ್ತಿ ಅಂಡಿಗಿ ಹರದು, ಒಳಗಿನ ಮಾದರಿ ನೋಡದ ಎಂದಾರ ಮಾಲು ತಗೊಂಡೀವೇನ ನಾವು?"

"ನೋಡಿದ್ರೇನ್ರಿ ಮತ್ತ?"

"ನೋಡಿದೆ. ಕರೀ ಮಾಲು. ನಮ್ಮಲ್ಲಿ ನಡೆಯೂದಿಲ್ಲ."

ಕಾಟಾದ ಮ್ಯಾಲೆ ಹಾರ್ಡ್ ಡಿಸ್ಕ್

ಕಡೀಕ ಹುಬ್ಬಳ್ಳಿಯಿಂದ ಹಾರ್ಡ್ ಡಿಸ್ಕ್ ಇದ್ದ ಮಶೀನ್ ಬಂತು. ಫ್ಲಾಪಿ ಕೈಚೀಲ ಆದ್ರ ಇದು ಗೋದಾಮು. ಬೇಕಾದಷ್ಟು ಹಿಡೀತೈತಿ, ಜಲ್ದಿ ಕೊಡತೈತಿ, ಬಸ್ಸಿನಾಗ ಕಳಿಸಾಕ ಮಾತ್ರ ಬರೂದಿಲ್ಲ. ಸಾವ್ಕಾರ್ರು ಅವತ್ತ ಅದನ್ನ ಹತ್ತಿ ತೂಗೂ ಕಾಟಾದ ಮ್ಯಾಲೆ ಇಡಿಸಿ, ಬಂದ ತೂಕ ಗ್ವಾಡಿ ಮ್ಯಾಲೆ ಬರಸಿದ್ರು. "ವರ್ಷ ತುಂಬಲಿ, ಮತ್ತ ತೂಗೋಣು. ತೂಕ ಏರಿದ್ರ ನಿನ್ನ ನೌಕರಿ ಪಕ್ಕಾ."

ವರ್ಷಪೂರ್ತಿ ಮೈಮುರದು ಲೆಕ್ಕ ತುಂಬಿದೆ. ತೂಗೂ ದಿನ ಮುಂಜಾನೆ ಮಶೀನ್ ಕಟಕಟ ಅಂದು ಸುಮ್ಮನಾತು. ಹಿಂದಿನ ಸಂದಿಯಿಂದ ಮಶೀನಿನ ಒಳಗ ಬಗ್ಗಿ ನೋಡಿದೆ. ಇಲಿ ಮಿಲ್ಲಿನ ಹತ್ತಿ ತಂದು ಗಾದಿ ಮಾಡಿ, ಮರಿ ಹಾಕಿ, ಹೊಂಬಳದ ರೈತರ ಚೀಲದಿಂದ ಶೇಂಗಾ ತಂದು ಒಟ್ಟಿತ್ತು. ಸ್ಟೋರೇಜ್ ಅಂದ್ರ ಏನಂತ ಇಡೀ ಮಿಲ್ಲಿನಾಗ ಅದಕ್ಕೊಂದಕ್ಕ ತಿಳದಿತ್ತು. ನೌಕರಿ ಹೋತು, ಹುಡುಗಿನೂ ಹೋದಳು.

ಬಾಯಿ ತಗೀಬೇಕು ಅನ್ನೂದ್ರಾಗ ಸಾವ್ಕಾರ್ರು ಬಂದ್ರು, ಹಿಂದ, ನೌಕರಿ ಪಕ್ಕಾ ಆಗೂದು ನೋಡಾಕ, ಲಕ್ಷ್ಮೇಶ್ವರದ ಹುಡುಗಿ ಅಪ್ಪಾರು. "ಇವರ ಮುಂದನ ತೂಗ್ರಿ!" ಅಂದ್ರು ಸಾವ್ಕಾರ್ರು. ಹಮಾಲರು ಮಶೀನ್ ಎತ್ತಿ ಕಾಟಾಕ್ಕ ಇಟ್ರು. ತೂಕ ಏರಿತ್ತು.

"ಭಲೇ! ಏನ್ ತುಂಬ್ಯಾನ್ರೀ ಹುಡುಗ!" ಅಂತ ಸಾವ್ಕಾರ್ರು ಕುಣದಾಡಿದ್ರು. ಒಳಗ ಇಲಿಮರಿ ಕಿಚಕಿಚ ಅಂದ್ವು. "ಕೇಳ್ರಿ, ಲೆಕ್ಕ ಹೆಂಗ ಓಡ್ಯಾಡಾಕತ್ತೈತಿ!" ಲಕ್ಷ್ಮೇಶ್ವರದವರು ಮಶೀನಿಗೆ ಕೈ ಮುಗದ್ರು. ನೌಕರಿ ಅಲ್ಲೇ ಪಕ್ಕಾ, ಅಕ್ಕಿಕಾಳೂ ಪಕ್ಕಾ. ಹೊರಡುವಾಗ ಸಾವ್ಕಾರ್ರು ನನ್ನ ಬೆನ್ನು ತಟ್ಟಿ ಅಂದ್ರು, "ಇನ್ನ ವರ್ಷಾ ವರ್ಷಾ ತೂಗ್ತೀನಿ. ಕಡಿಮಿ ಬಂತೋ, ಮನೀಗೆ ಕಳಸ್ತೀನಿ."

ಮರುದಿನ ಗುಟ್ಟಾಗಿ ಹುಬ್ಬಳ್ಳಿಯಿಂದ ರಿಪೇರಿಯವನನ್ನ ಕರಸಿದೆ. ಅಂವ ಹತ್ತಿ, ಶೇಂಗಾ, ಇಲಿ ಸಂಸಾರ ಎಲ್ಲಾ ಹೊರಗ ತಗದ. ಮಶೀನಿನ ಡಬ್ಬಿ ಮುಚ್ಚೂ ಮೊದಲು, ಅಷ್ಟೇ ತೂಕದ್ದೊಂದು ಕಲ್ಲು ಬಟ್ಟಿಯಾಗ ಸುತ್ತಿ ಅವನ ಕೈಯಾಗ ಕೊಟ್ಟು, ಇದನ್ನೂ ಒಳಗ ಕುಂಡ್ರಸ್ರಿ ಅಂದೆ.

ಅಂವ ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿದ. "ಇದು ಯಾವ ನಮೂನಿ ಸ್ಟೋರೇಜ್ ರೀ?"

"ಸುಮ್ಮನ ಇಡೋ ಮಾರಾಯಾ," ಅಂದೆ. "ಅದರಾಗ ನನ್ನ ಲಗ್ನ ಐತಿ."